ಬಿಳಿ ತಟ್ಟೆ ಮರೆಯಾಗುವ ಆಳ

ಬೇಸಿಗೆ ರಜೆಗೆ ಅಮೆರಿಕದ ಕ್ಯಾಲಿಫೋರ್ನಿಯಾ, ನೆವಾಡಾ ರಾಜ್ಯಗಳ ಗಡಿಯಲ್ಲಿರುವ ಟಾಹೋ ಸರೋವರದ ದಡದಲ್ಲಿ ಕ್ಯಾಂಪ್ ಮಾಡಲು ಹೊರಟಿದ್ದ ಕೆಲವು ಕುಟುಂಬಗಳ ಮುಂದೆ ಆಡಿದ ಮಾತು ಇದು. ಕೇಳಿದವರು ಬರೆದು ಕೊಡಿ ಅಂದರು. ಆಡಿದ ಧಾಟಿಯಲ್ಲೇ ಬರೆದಿದ್ದೇನೆ, ಅಲ್ಲಲ್ಲಿ ಒಂದೆರಡು ಮಾತು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಒಂದು ಬಿಳಿ ತಟ್ಟೆಯಿಂದ ಶುರು ಮಾಡುತ್ತೇನೆ. ಊಟದ ತಟ್ಟೆಯಷ್ಟೇ ಅಗಲ, 25 ಸೆಂಟಿಮೀಟರ್. ಅದಕ್ಕೊಂದು ಹಗ್ಗ, ಹಗ್ಗದ ಮೇಲೆ ಅಳತೆಯ ಗುರುತು. ದೋಣಿಯನ್ನು ಸರೋವರದಲ್ಲಿ ನಿಲ್ಲಿಸಿ, ನೆರಳು ಬೀಳುವ ಮಗ್ಗುಲಿನಿಂದ ತಟ್ಟೆಯನ್ನು ನೀರಿಗೆ ಇಳಿಬಿಡುತ್ತಾರೆ. ಒಬ್ಬರು ಬಗ್ಗಿ ನೋಡುತ್ತಾ ಇರುತ್ತಾರೆ. ಮೊದಲು ಬೆಳ್ಳಗೆ ಕಾಣುತ್ತದೆ. ಇಳಿದಂತೆಲ್ಲ ನೀಲಿ ಹತ್ತುತ್ತದೆ. ಚಿಕ್ಕದಾಗುತ್ತಾ ಹೋಗಿ ಒಂದು ಮಸುಕು ಚುಕ್ಕೆ. ಆಮೇಲೆ ಅದೂ ಇಲ್ಲ. ಅಲ್ಲಿಗೆ ಹಗ್ಗ ಹಿಡಿದು ಅಳತೆ ಬರೆದುಕೊಳ್ಳುತ್ತಾರೆ. ಇನ್ನೊಂದಿಷ್ಟು ಇಳಿಸಿ, ಮತ್ತೆ ಮೇಲೆಳೆದು, ತಟ್ಟೆ ತಿರುಗಿ ಕಣ್ಣಿಗೆ ಬಿದ್ದ ಜಾಗವನ್ನೂ ಬರೆಯುತ್ತಾರೆ. ಎರಡರ ಸರಾಸರಿಯೇ ಆ ದಿನದ ಲೆಕ್ಕ.

ಇದಕ್ಕೆ ಸೆಕ್ಕಿ ತಟ್ಟೆ ಅಂತ ಹೆಸರು. ಆಂಜೆಲೊ ಸೆಕ್ಕಿ ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ ಕೂಡ. 1865ರಲ್ಲಿ ಪೋಪ್ ಅವರ ಹಡಗಿನಲ್ಲಿ ಮೆಡಿಟರೇನಿಯನ್ ಸಮುದ್ರಕ್ಕೆ ಹೋಗಿ ಈ ಪ್ರಯೋಗ ಮಾಡಿದರು. ಅಂದಿನಿಂದ ಇಂದಿನವರೆಗೆ ನೀರು ಎಷ್ಟು ತಿಳಿಯಾಗಿದೆ ಅಂತ ನೋಡುವುದಕ್ಕೆ ಇದಕ್ಕಿಂತ ಸರಳ ಸಾಧನ ಬಂದಿಲ್ಲ. ತಟ್ಟೆ, ಹಗ್ಗ, ಒಂದು ಜೋಡಿ ಕಣ್ಣು. ಅಷ್ಟೇ.

ಟಾಹೋದಲ್ಲಿ ಈ ಅಳತೆ 1968ರಿಂದ ನಡೆದಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಚಾರ್ಲ್ಸ್ ಗೋಲ್ಡ್‌ಮನ್ ಶುರು ಮಾಡಿದ್ದು. ಮೊದಲ ವರ್ಷದ ಸರಾಸರಿ 31 ಮೀಟರ್. ಹತ್ತು ಮಹಡಿ ಕಟ್ಟಡದ ತಾರಸಿಯಿಂದ ಬಗ್ಗಿ ನೋಡಿದರೆ ಅಂಗಳದಲ್ಲಿಟ್ಟ ತಟ್ಟೆ ಕಂಡ ಹಾಗೆ. ಆದರೆ ನಡುವೆ ಇರುವುದು ಗಾಳಿ ಅಲ್ಲ, ಪೂರ್ತಿ ನೀರು! 2017ರಲ್ಲಿ ಅದೇ ಅಳತೆ 18 ಮೀಟರ್‌ಗೆ ಬಂತು. ಅಲ್ಲಿಯವರೆಗಿನ ದಾಖಲೆಯಲ್ಲಿ ಅಷ್ಟು ಕೆಳಗೆ ಯಾವತ್ತೂ ಇಳಿದಿರಲಿಲ್ಲ. ಆಮೇಲೆ ಸ್ವಲ್ಪ ಚೇತರಿಸಿಕೊಂಡಿದೆ, ಒಂದು ವರ್ಷ ಮೇಲೆ, ಒಂದು ವರ್ಷ ಕೆಳಗೆ. ಹಳೆಯ 30 ಮೀಟರಿನ ಹತ್ತಿರಕ್ಕೆ ವಾಪಸ್ ತರಬೇಕು ಅನ್ನುವುದು ಗುರಿ.

ಆ ಕಳೆದುಹೋದ ಹದಿಮೂರು ಮೀಟರ್ ಎಲ್ಲಿ ಹೋಯಿತು? ನನ್ನ ಇವತ್ತಿನ ಮಾತು ಪೂರ್ತಿ ಅದರ ಬಗ್ಗೆಯೇ. ಸರೋವರದಲ್ಲಿ ಹುಡುಕಿದರೆ ಉತ್ತರ ಸಿಗುವುದಿಲ್ಲ. ದಡದಲ್ಲಿ ಹುಡುಕಬೇಕು. ರಸ್ತೆಯಲ್ಲಿ, ಪಾರ್ಕಿಂಗ್ ಜಾಗದಲ್ಲಿ, ನಾವು ಚಾಪೆ ಹಾಸುವ ಮರಳಿನಲ್ಲಿ.

ಮೊದಲು ಈ ನೀರು ಅಷ್ಟು ತಿಳಿಯಾಗಿದ್ದಾದರೂ ಹೇಗೆ ಅಂತ ನೋಡೋಣ. ಸಿಯೆರಾ ನೆವಾಡಾ ಬೆಟ್ಟಸಾಲು ಒಂದು ಕಡೆ, ಕಾರ್ಸನ್ ಬೆಟ್ಟಸಾಲು ಇನ್ನೊಂದು ಕಡೆ. ನಡುವಿನ ನೆಲ ಲಕ್ಷಾಂತರ ವರ್ಷಗಳ ಹಿಂದೆ ಕುಸಿಯುತ್ತಾ ಹೋಯಿತು. ಆ ಗುಂಡಿಯಲ್ಲಿ ನಿಂತ ನೀರೇ ಈ ಸರೋವರ. ಸಮುದ್ರ ಮಟ್ಟದಿಂದ ಸುಮಾರು 1,900 ಮೀಟರ್ ಎತ್ತರ. ಆಳ 501 ಮೀಟರ್. ಅಮೆರಿಕದಲ್ಲಿ ಕ್ರೇಟರ್ ಲೇಕ್ ಬಿಟ್ಟರೆ ಇದೇ ಅತ್ಯಂತ ಆಳದ್ದು. ಅಷ್ಟು ಆಳ ಇರುವುದರಿಂದಲೇ ಸುತ್ತ ಆಳೆತ್ತರ ಹಿಮ ಬಿದ್ದರೂ ಸರೋವರ ಹೆಪ್ಪುಗಟ್ಟುವುದಿಲ್ಲ. 63 ತೊರೆಗಳು ಇಲ್ಲಿಗೆ ಬಂದು ಸೇರುತ್ತವೆ. ಹೊರಗೆ ಹೋಗುವುದು ಒಂದೇ ಒಂದು, ಟ್ರಕ್ಕೀ ನದಿ. ಅದೂ ಸಮುದ್ರ ಸೇರುವುದಿಲ್ಲ, ನೆವಾಡಾದ ಮರಳುಗಾಡಿನ ಪಿರಮಿಡ್ ಲೇಕ್‌ನಲ್ಲಿ ಹೋಗಿ ನಿಲ್ಲುತ್ತದೆ. ಒಳಬಂದ ನೀರು ಹೊರಗೆ ಹೋಗುವುದಕ್ಕೆ ಸರಾಸರಿ ಆರು ನೂರು ವರ್ಷಕ್ಕೂ ಜಾಸ್ತಿ ಬೇಕು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಇಲ್ಲಿಗೆ ಬಂದದ್ದು ಬೇಗ ತೊಳೆದು ಹೋಗುವುದಿಲ್ಲ.

ಸರೋವರ ದೊಡ್ಡದು, ಅದಕ್ಕೆ ನೀರು ಹರಿಸುವ ನೆಲ ಕಡಿಮೆ. ಮಳೆ, ಹಿಮದಲ್ಲಿ ದೊಡ್ಡ ಪಾಲು ನೆಲ ಮುಟ್ಟದೆ ನೇರ ಸರೋವರಕ್ಕೇ ಬೀಳುತ್ತದೆ. ಉಳಿದದ್ದು ಬೀಳುವುದು ಹೆಚ್ಚಾಗಿ ಗ್ರಾನೈಟ್ ಕಲ್ಲಿನ ಮೇಲೆ. ಆ ಮಣ್ಣಿನಲ್ಲಿ ಸಾರ ಕಡಿಮೆ. ಸಾರ ಇಲ್ಲದ ಕಡೆ ಪಾಚಿ ಬೆಳೆಯುವುದಿಲ್ಲ. ಇನ್ನು ನೀರು ಸರೋವರ ಸೇರುವ ಮುಂಚೆ ಪೈನ್ ಮರಗಳ ಕೆಳಗಿನ ದಪ್ಪನೆಯ ತರಗೆಲೆ ಹಾಸನ್ನು ದಾಟಬೇಕು, ಆಮೇಲೆ ಹುಲ್ಲುಗಾವಲು ಮತ್ತು ಜೌಗು ನೆಲವನ್ನು ದಾಟಬೇಕು. ತೊರೆ ಜೌಗಿಗೆ ಬಂದಾಗ ಹರಡಿಕೊಳ್ಳುತ್ತದೆ. ಹರಡಿದಾಗ ಓಟ ಕಡಿಮೆ ಆಗುತ್ತದೆ. ಓಟ ಕಡಿಮೆ ಆದಾಗ ಹೂಳು ಹುಲ್ಲಿನ ಬುಡದಲ್ಲಿ ಕೂತುಬಿಡುತ್ತದೆ. ಡಿಕಾಕ್ಷನ್ ಸೋಸಿದ ಹಾಗೆ, ಗಸಿ ಮೇಲೆ, ತಿಳಿ ಕೆಳಗೆ.

ನಾವು ಮಾಡಿದ್ದು ಏನು ಅಂದರೆ, ಆ ಜಾಲರಿಯನ್ನೇ ಹರಿದೆವು. ದಕ್ಷಿಣದ ಕಡೆ ಅಪ್ಪರ್ ಟ್ರಕ್ಕೀ ಜೌಗು ಇದೆ. ಇಡೀ ಕಣಿವೆಯಲ್ಲೇ ದೊಡ್ಡ ಜೌಗು ಅದು. 1960ರ ದಶಕದಲ್ಲಿ ಅದರ ಒಂದು ದೊಡ್ಡ ಭಾಗವನ್ನು ಅಗೆದು ಕಾಲುವೆ ತೋಡಿ, ತೋಡಿದ ಮಣ್ಣನ್ನು ಅಲ್ಲೇ ಏರಿಸಿ ಟಾಹೋ ಕೀಸ್ ಅನ್ನುವ ಬಡಾವಣೆ ಕಟ್ಟಿದರು. ಪ್ರತಿ ಮನೆಯ ಹಿತ್ತಲಿಗೂ ದೋಣಿ ಬಂದು ನಿಲ್ಲಬೇಕು ಅನ್ನುವುದು ಆಸೆ. ಈಗ ಆ ಕಾಲುವೆಗಳಲ್ಲಿ ನೀರು ಬೆಚ್ಚಗೆ ನಿಂತು, ಹೊರಗಿನಿಂದ ಬಂದ ಜಲಕಳೆ ಹಬ್ಬಿದೆ. ದೋಣಿಯ ಪಂಖಕ್ಕೆ ಸಿಕ್ಕಿ ತುಂಡಾದ ಕಳೆ ಸರೋವರಕ್ಕೆ ಹೋಗಿ ಬೇರು ಬಿಡುತ್ತದೆ. ಸೋಸುತ್ತಿದ್ದ ಜಾಗವೇ ಈಗ ಕೊಳೆ ಕಳಿಸುವ ಜಾಗ ಆಗಿದೆ. ನನಗೆ ಟಾಹೋ ಕಥೆಯಲ್ಲಿ ಹೆಚ್ಚು ನೋವು ಕೊಡುವುದು ಇದೇ. ಯಾಕೆಂದರೆ ಕಟ್ಟಿದವರಿಗೆ ಸರೋವರದ ಮೇಲೆ ದ್ವೇಷ ಇರಲಿಲ್ಲ. ಅದರ ಹತ್ತಿರ ಇರಬೇಕು ಅಂತಲೇ ಬಂದವರು ಅವರು.

ಈಗ ಧೂಳಿಗೆ ಬರೋಣ. ಚಳಿಗಾಲದ ಕೊನೆಯಲ್ಲಿ ನಾನು ಒಮ್ಮೆ ದಡದ ಒಂದು ಪಾರ್ಕಿಂಗ್ ಜಾಗದಲ್ಲಿ ನಿಂತಿದ್ದೆ. ಹಿಮ ಕರಗುತ್ತಾ ಇತ್ತು. ಹಿಮದಲ್ಲಿ ಗಾಡಿ ಜಾರಬಾರದು ಅಂತ ರಸ್ತೆಗೆ ಮರಳು ಚೆಲ್ಲುತ್ತಾರೆ. ತಿಂಗಳುಗಟ್ಟಲೆ ಚಕ್ರಗಳು ಆ ಮರಳನ್ನು ಅರೆಯುತ್ತವೆ, ಬೀಸುವ ಕಲ್ಲಿನ ಹಾಗೆ. ಕೊನೆಗೆ ಅದು ಹಿಟ್ಟಾಗುತ್ತದೆ. ಆ ದಿನ ಡಾಂಬರಿನ ಅಂಚಿನಲ್ಲಿ ಬೆರಳಷ್ಟು ಅಗಲದ ನೀರು ಹರಿಯುತ್ತಾ ಇತ್ತು. ಬಣ್ಣ ಬೂದಿ. ಕೈ ಅದ್ದಿ ಬೆರಳು ಉಜ್ಜಿದೆ. ಮರಳಿನ ಗರಗರ ಇರಲಿಲ್ಲ, ರೇಷ್ಮೆಯ ಹಾಗೆ ನುಣ್ಣಗೆ. ಕೈ ಒಣಗಿದ ಮೇಲೆ ಗೆರೆಗಳ ನಡುವೆ ಬಿಳಿ ಪುಡಿ ಕೂತಿತ್ತು. ಎದುರಿಗೇ, ನೂರು ಹೆಜ್ಜೆ ಆಚೆ, ಸರೋವರ ಹೊಳೆಯುತ್ತಾ ಇತ್ತು.

ಆ ನುಣ್ಣನೆಯ ಪುಡಿಯೇ ಅಪರಾಧಿ. ದಪ್ಪ ಮರಳು ನೀರಿಗೆ ಬಿದ್ದರೆ ಮುಳುಗಿ ತಳ ಸೇರುತ್ತದೆ, ಕಥೆ ಮುಗಿಯಿತು. ಆದರೆ ಕೆಲವೇ ಮೈಕ್ರಾನ್ ಗಾತ್ರದ ಕಣ, ಅಂದರೆ ನಮ್ಮ ತಲೆಗೂದಲ ದಪ್ಪದ ಇಪ್ಪತ್ತನೇ ಒಂದು ಭಾಗಕ್ಕಿಂತ ಸಣ್ಣದು, ಮುಳುಗುವುದೇ ಇಲ್ಲ ಅನ್ನಬಹುದು. ಒಂದು ಮೈಕ್ರಾನ್ ಕಣ ನಿಂತ ನೀರಿನಲ್ಲಿ ಇಡೀ ದಿನಕ್ಕೆ 10 ಸೆಂಟಿಮೀಟರ್ ಕೂಡ ಇಳಿಯುವುದಿಲ್ಲ. ಕೆಳಗೆ 500 ಮೀಟರ್ ಆಳ ಇದೆ, ಲೆಕ್ಕ ಹಾಕಿ! ಅಲ್ಲಿಯವರೆಗೆ ಅದು ಬೆಳಕನ್ನು ಆ ಕಡೆ ಈ ಕಡೆ ಚದುರಿಸುತ್ತಾ ತೇಲುತ್ತದೆ. ತಟ್ಟೆಯಿಂದ ಕಣ್ಣಿಗೆ ಬರಬೇಕಾದ ಬೆಳಕು ದಾರಿಯಲ್ಲೇ ತಪ್ಪಿಹೋಗುತ್ತದೆ. ಬಗ್ಗಡ ಅಂತ ನಮಗೆ ಕಾಣುವುದಿಲ್ಲ, ಲೋಟದಲ್ಲಿ ಹಿಡಿದರೆ ತಿಳಿಯಾಗಿಯೇ ಇರುತ್ತದೆ. ತಟ್ಟೆಗೆ ಮಾತ್ರ ಗೊತ್ತಾಗುತ್ತದೆ.

ಈ ಸಣ್ಣ ಕಣಗಳಲ್ಲಿ ಸುಮಾರು 70 ಶೇಕಡ ಬರುವುದು ರಸ್ತೆ, ಕಟ್ಟಡ, ಪಾರ್ಕಿಂಗ್ ಇರುವ ಜಾಗಗಳಿಂದ. ಕಣಿವೆಯಲ್ಲಿ ಅಂಥ ನೆಲ ಚೂರು, ಕಾಡು ಅದಕ್ಕಿಂತ ಎಷ್ಟೋ ಪಟ್ಟು. ಆದರೂ ಕಾಡಿನಿಂದ ಬರುವುದು ಕಡಿಮೆ. ಹಾಗಾಗಿ ಈಗ ಅಲ್ಲಿ ನಡೆಯುವ ಕೆಲಸ ನೋಡಿದರೆ ಸರೋವರಕ್ಕೂ ಅದಕ್ಕೂ ಏನು ಸಂಬಂಧ ಅನ್ನಿಸಬಹುದು. ರಸ್ತೆ ಗುಡಿಸುವ ಯಂತ್ರ. ರಸ್ತೆ ನೀರನ್ನು ಹಿಡಿದು ಇಂಗಿಸುವ ಗುಂಡಿ. ತೊರೆಯನ್ನು ನೇರ ಕಾಲುವೆಯಿಂದ ಬಿಡಿಸಿ ಮತ್ತೆ ಹಾವಿನ ಹಾಗೆ ಬಳುಕಿಸಿ ಹುಲ್ಲುಗಾವಲಿಗೆ ಬಿಡುವುದು. ನೀವು ಹೋಗುವಾಗ ರಸ್ತೆ ಬದಿ ಕಲ್ಲು ಹಾಸಿದ ಚರಂಡಿ, ಬೇಲಿ ಹಾಕಿದ ಖಾಲಿ ಹುಲ್ಲು ಜಾಗ ಕಂಡರೆ, ಸುಮ್ನೆ ಬಿಟ್ಟಿದ್ದಾರೆ ಅಂದುಕೊಳ್ಳಬೇಡಿ. ಸರೋವರವನ್ನು ಅಲ್ಲಿ ರಿಪೇರಿ ಮಾಡುತ್ತಿದ್ದಾರೆ.

ಒಂದು ಕೆಲಸವನ್ನು ಮಾತ್ರ ಹಿಂದಿನವರು ಸರಿಯಾದ ಹೊತ್ತಿಗೆ ಮಾಡಿದರು, ಅದನ್ನು ಹೇಳಲೇಬೇಕು. 1960ರ ದಶಕದ ಕೊನೆಯಿಂದ ಕಣಿವೆಯ ಕೊಳಚೆ ನೀರನ್ನು ಅಲ್ಲಿ ಎಲ್ಲೂ ಬಿಡುವಂತಿಲ್ಲ. ಶುದ್ಧ ಮಾಡಿದ ಮೇಲೂ ಬಿಡುವಂತಿಲ್ಲ. ಎಲ್ಲವನ್ನೂ ಕಣಿವೆಯ ಆಚೆಗೆ ದಾಟಿಸುತ್ತಾರೆ, ದಕ್ಷಿಣ ದಡದಲ್ಲಂತೂ ಪಂಪ್ ಹಾಕಿ ಬೆಟ್ಟದ ಮೇಲಕ್ಕೆ ಏರಿಸಿ. ಅಲ್ಲಿನ ಕ್ಯಾಂಪ್ ಜಾಗದ ಶೌಚಾಲಯದಲ್ಲಿ ನೀವು ಒತ್ತುವ ಫ್ಲಶ್ ಕೂಡ ಬೆಟ್ಟ ಹತ್ತಿ ಹೋಗುತ್ತದೆ. ಖರ್ಚಿನ ಕೆಲಸ, ಆದರೆ ಅದು ಆಗದಿದ್ದರೆ ಇವತ್ತು ನಾವು ತಟ್ಟೆಯ ಮಾತೇ ಆಡುತ್ತಿರಲಿಲ್ಲ, ಹಸಿರು ನೀರಿನ ಮಾತು ಆಡುತ್ತಿದ್ದೆವು.

ಕಾಡಿನ ವಿಷಯ. ದಡದ ಸುತ್ತ ದಟ್ಟವಾಗಿ ನಿಂತ ಮರಗಳನ್ನು ನೋಡಿ ಇದು ಆದಿಕಾಲದ ಕಾಡು ಅಂದುಕೊಳ್ಳುತ್ತೇವೆ. ಅಲ್ಲ. 1859ರಲ್ಲಿ ಪಕ್ಕದ ನೆವಾಡಾದಲ್ಲಿ ಕಾಮ್‌ಸ್ಟಾಕ್ ಬೆಳ್ಳಿ ಅದಿರು ಸಿಕ್ಕಿತು. ಗಣಿಯ ಸುರಂಗ ಕುಸಿಯದಂತೆ ಆನಿಸಲು ಮರ ಬೇಕಾಯಿತು. ಮುಂದಿನ ಮೂರು ನಾಲ್ಕು ದಶಕದಲ್ಲಿ ಈ ಕಣಿವೆಯ ಬಹುಪಾಲು ಕಾಡನ್ನು ಕಡಿದು ಸಾಗಿಸಿದರು. ಈಗಿರುವುದು ಹೆಚ್ಚಾಗಿ ಆಮೇಲೆ ಒಟ್ಟಿಗೆ ಎದ್ದ ಮರಗಳು. ಒಂದೇ ವಯಸ್ಸು, ಒತ್ತೊತ್ತಾಗಿ. ಹಿಂದೆ ಸಣ್ಣ ಬೆಂಕಿ ಆಗಾಗ ನೆಲದ ಕಸವನ್ನು ಸುಡುತ್ತಾ ಇತ್ತು, ಈ ನೆಲದ ಮೂಲನಿವಾಸಿಗಳಾದ ವಾಶೋ ಜನರೂ ಬೇಕೆಂದೇ ಬೆಂಕಿ ಹಾಕುತ್ತಿದ್ದರು. ಅದನ್ನೂ ನೂರು ವರ್ಷ ತಡೆದರು. ಒಣಕಲು ಕೂಡುತ್ತಾ ಹೋಯಿತು.

2007ರ ಜೂನ್ 24. ಯಾರೋ ಬೆಂಕಿ ಹಾಕಬಾರದ ಕಡೆ ಕ್ಯಾಂಪ್‌ಫೈರ್ ಹಾಕಿ ಹೋಗಿದ್ದರು. ಅದೇ ಆಂಗೋರಾ ಬೆಂಕಿ ಆಯಿತು. 254 ಮನೆ ಸುಟ್ಟುಹೋದವು. 2021ರಲ್ಲಿ ಕಾಲ್ಡೋರ್ ಬೆಂಕಿ ಬಂದಾಗ ಸೌತ್ ಲೇಕ್ ಟಾಹೋ ಊರಿಗೆ ಊರೇ ಖಾಲಿ ಮಾಡಬೇಕಾಯಿತು. ನೀವೆಲ್ಲ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಬೆಂಕಿ ಹಾಕುವ ಆಸೆಯಲ್ಲಿ ಇದ್ದೀರಿ, ನನಗೆ ಗೊತ್ತು. ನಿಗದಿ ಮಾಡಿದ ಕಬ್ಬಿಣದ ಬಳೆಯೊಳಗೆ, ಅವತ್ತು ಅನುಮತಿ ಇದ್ದರೆ ಮಾತ್ರ. ಬೇಸಿಗೆ ನಡುವೆ ಎಷ್ಟೋ ದಿನ ಪೂರ್ತಿ ನಿಷೇಧ ಇರುತ್ತದೆ. ಆರಿಸುವಾಗ ನೀರು ಸುರಿಯಿರಿ, ಕೋಲಿನಿಂದ ಕಲಕಿ, ಮತ್ತೆ ನೀರು ಸುರಿಯಿರಿ. ಅಂಗೈಯನ್ನು ಬೂದಿಯ ಹತ್ತಿರ ಹಿಡಿದು ನೋಡಿ. ಬಿಸಿ ಹತ್ತಿದರೆ ಇನ್ನೂ ಆರಿಲ್ಲ ಅಂತ ಅರ್ಥ.

ಇನ್ನು ಒಂದು ಸೀಗಡಿಯ ಕಥೆ. ಕಿರುಬೆರಳ ಉಗುರಿಗಿಂತ ಸ್ವಲ್ಪ ಉದ್ದ, ಮೈಸಿಸ್ ಅಂತ. ಮೀನು ಹಿಡಿಯುವ ಪ್ರವಾಸಿಗರಿಗೆ ದಪ್ಪ ಮೀನು ಸಿಗಲಿ ಅಂತ 1960ರ ದಶಕದಲ್ಲಿ ಇದನ್ನು ತಂದು ಬಿಟ್ಟರು. ಟ್ರೌಟ್ ಮೀನು ಇದನ್ನು ತಿಂದು ಕೊಬ್ಬುತ್ತದೆ ಅನ್ನುವ ಲೆಕ್ಕ. ಸೀಗಡಿ ಹಗಲೆಲ್ಲ ಕತ್ತಲ ಆಳದಲ್ಲಿ ಅವಿತು, ರಾತ್ರಿ ಮೇಲೆ ಬಂದು ಡಾಫ್ನಿಯಾ ಅನ್ನುವ ಇನ್ನೂ ಸಣ್ಣ ಜೀವಿಯನ್ನು ಮುಕ್ಕಿ ಖಾಲಿ ಮಾಡಿತು. ಆ ಡಾಫ್ನಿಯಾ ಇತ್ತಲ್ಲ, ಅದು ನೀರನ್ನು ಸೋಸಿ ಪಾಚಿ, ಕಣ ಎಲ್ಲವನ್ನೂ ತಿನ್ನುತ್ತಿತ್ತು. 2011ರ ಹೊತ್ತಿಗೆ ಎಮರಾಲ್ಡ್ ಕೊಲ್ಲಿಯಲ್ಲಿ ಸೀಗಡಿ ತಾನಾಗೇ ಕಾಣೆಯಾಯಿತು. ಡಾಫ್ನಿಯಾ ವಾಪಸ್ ಬಂತು, ನೀರು ತಿಳಿಯಾಯಿತು. ಯಾರೂ ಯೋಜಿಸದ ಪ್ರಯೋಗ ಅದು. ಇದಾದ ಮೇಲೆ ದೋಣಿಗಳನ್ನು ಯಾಕಷ್ಟು ತಪಾಸಣೆ ಮಾಡುತ್ತಾರೆ ಅಂತ ನನಗೆ ಅರ್ಥ ಆಯಿತು. ಬೇರೆ ಕೆರೆಯ ಒಂದು ಹನಿ ನೀರಿನಲ್ಲಿ ಕ್ವಾಗಾ ಮಸಲ್ ಅನ್ನುವ ಚಿಪ್ಪುಜೀವಿಯ ಮರಿ ಬಂದರೂ ಸಾಕು. ಗಾಳಿ ತುಂಬುವ ದೋಣಿ, ಪ್ಯಾಡಲ್ ಬೋರ್ಡ್ ತರುವವರು ಬಿಟ್ಟುಬಿಡುವುದು ಇದನ್ನೇ. ತೊಳೆದು, ನೀರು ಬಸಿದು, ಪೂರ್ತಿ ಒಣಗಿಸಿ ತನ್ನಿ. ಮಕ್ಕಳ ಬಕೆಟ್ ಕೂಡ.

ಈ ಜಾಗ ಯಾರದ್ದು ಅನ್ನುವುದನ್ನೂ ಹೇಳಬೇಕು. ವಾಶೋ ಜನ ಇಲ್ಲಿಗೆ ಬೇಸಿಗೆಯಲ್ಲಿ ಬಂದು ಇರುತ್ತಿದ್ದದ್ದು ಸಾವಿರಾರು ವರ್ಷಗಳಿಂದ. ಅವರ ಮಾತಿನಲ್ಲಿ 'ಡಾ ಅವ್' ಅಂದರೆ ಸರೋವರ, ಅದೇ ನಮ್ಮ ಬಾಯಲ್ಲಿ ಟಾಹೋ. ಪೂರ್ವ ದಡದಲ್ಲಿ ಕೇವ್ ರಾಕ್ ಅನ್ನುವ ದೊಡ್ಡ ಬಂಡೆ ಅವರಿಗೆ ತುಂಬ ಪವಿತ್ರ. ಅದರ ಹೊಟ್ಟೆ ಬಗೆದು 1931ರಲ್ಲಿ ಒಂದು, 1957ರಲ್ಲಿ ಇನ್ನೊಂದು ಹೆದ್ದಾರಿ ಸುರಂಗ ಕೊರೆದರು. ಆಮೇಲೆ ಬಂಡೆ ಹತ್ತುವವರು ಬಂದು ಮೊಳೆ ಹೊಡೆದರು. ವಾಶೋ ಜನ ಬಿಡಲಿಲ್ಲ. ಅರಣ್ಯ ಇಲಾಖೆ ಹತ್ತುವುದನ್ನು ನಿಷೇಧಿಸಿತು, 2007ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಸುರಂಗದಲ್ಲಿ ಕಾರು ಕೆಲವೇ ಸೆಕೆಂಡಿನಲ್ಲಿ ದಾಟುತ್ತದೆ. ದಾಟುವಾಗ ಮಕ್ಕಳಿಗೆ ಈ ಮಾತು ಹೇಳಿ.

ನನ್ನದೇ ಒಂದು ತಪ್ಪು ಇದೆ, ಅದನ್ನು ಬಚ್ಚಿಡುವುದಿಲ್ಲ. ಮೊದಲ ಸಲ ಹೋದಾಗ ದಕ್ಷಿಣದ ಒಂದು ಬೀಚ್ ಕಿಕ್ಕಿರಿದಿತ್ತು. ಒಂದು ಕಡೆ ಮಾತ್ರ ಹಗ್ಗ ಕಟ್ಟಿದ ಖಾಲಿ ಮರಳು. ಹಗ್ಗ ಮೊಣಕಾಲಿನ ಎತ್ತರ. ಎತ್ತಿ ದಾಟಿ ಚಾಪೆ ಹಾಸಿಬಿಟ್ಟೆ. ಸ್ವಲ್ಪ ಹೊತ್ತಿನಲ್ಲಿ ಅಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಬಂದಳು. ಬೈಯಲಿಲ್ಲ. ಚಾಪೆಯ ಅಂಚನ್ನು ಮೆಲ್ಲಗೆ ಎತ್ತಿ, 'ಇಲ್ಲಿ ನೋಡಿ' ಅಂದಳು. ಅಂಗೈಯಗಲದ ಗಿಡ, ನೆಲಕ್ಕೆ ಒತ್ತಿಕೊಂಡಿತ್ತು. ಸ್ವಲ್ಪ ದಪ್ಪನೆಯ ಎಲೆ, ಸಾಸಿವೆ ಹೂವಿನಂಥ ಪುಟ್ಟ ಹಳದಿ ಹೂ. ಎರಡು ಕಡ್ಡಿ ನನ್ನ ಚಾಪೆಯ ಕೆಳಗೆ ಮುರಿದಿದ್ದವು. ಟಾಹೋ ಯೆಲ್ಲೋ ಕ್ರೆಸ್ ಅದರ ಹೆಸರು. ಲೋಕದಲ್ಲಿ ಬೇರೆ ಎಲ್ಲೂ ಇಲ್ಲ, ಈ ಒಂದು ಸರೋವರದ ಮರಳು ದಡದಲ್ಲಿ ಮಾತ್ರ ಬೆಳೆಯುತ್ತದೆ. ನಾವು ಟವೆಲ್ ಹಾಸುವ ಪಟ್ಟಿ ಇದೆಯಲ್ಲ, ನೀರಿಗೂ ಪೈನ್ ಮರಕ್ಕೂ ನಡುವೆ, ಅದೇ ಅದರ ಇಡೀ ಪ್ರಪಂಚ. ಅವಳು ಆ ಮುರಿದ ಕಡ್ಡಿಗಳನ್ನು ನೇರ ಮಾಡಿ ಸುತ್ತ ಮರಳು ಒತ್ತಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಮುಂದಿನ ವರ್ಷದಿಂದ ನಾನು ದಡ ಶುಚಿ ಮಾಡುವವರ ಜೊತೆ ಹೋಗುತ್ತಿದ್ದೇನೆ.

ಕಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಒಂದೇ ಲೆಕ್ಕ. 2023ರ ಜುಲೈ 4ರ ಅಮೆರಿಕದ ಸ್ವಾತಂತ್ರ್ಯ ದಿನದ ಹಬ್ಬ ಮುಗಿದ ಮರುದಿನ ಕೆಲವು ಬೀಚ್‌ಗಳಲ್ಲಿ ಸ್ವಯಂಸೇವಕರು ಎತ್ತಿದ ಕಸ 3,800 ಕೆಜಿಗೂ ಜಾಸ್ತಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಕಡೆಯದ್ದು. ಸಿಕ್ಕಿದ್ದು ಇಷ್ಟು. ಮರಳಿನೊಳಗೆ ಹೂತ ಪ್ಲಾಸ್ಟಿಕ್ ಚೂರು ಬಿಸಿಲಿಗೆ ಪುಡಿಯಾಗಿ ಮುಂದೆ ಅದೂ ಒಂದು ಥರದ ಧೂಳಾಗುತ್ತದೆ.

ಕೊನೆಯಲ್ಲಿ ಪ್ರಶ್ನೆ ಕೇಳಿದಾಗ ಹಿಂದಿನ ಸಾಲಿನಲ್ಲಿದ್ದ ಒಬ್ಬರು, 'ಎಲ್ಲ ಸರಿ ಮೇಡಂ, ಹಾಗಾದರೆ ನಾವು ಹೋಗಬೇಕೋ ಬೇಡವೋ?' ಅಂದರು. ಖಂಡಿತ ಹೋಗಿ ಅಂದೆ. ನೋಡದವರು ಯಾಕೆ ಕಾಯುತ್ತಾರೆ, ಅಲ್ವಾ? ಕಾರನ್ನು ಡಾಂಬರಿನ ಮೇಲೆಯೇ ನಿಲ್ಲಿಸಿ, ರಸ್ತೆ ಬದಿಯ ಮಣ್ಣಿನ ಮೇಲೆ ಬೇಡ. ಸಾಧ್ಯವಾದರೆ ಬಸ್ಸಿನಲ್ಲೋ ಸೈಕಲ್ಲಿನಲ್ಲೋ ದಡಕ್ಕೆ ಹೋಗಿ. ದಾರಿ ಬಿಟ್ಟು ಇಳಿಜಾರಿನಲ್ಲಿ ಅಡ್ಡ ಹಾಯಬೇಡಿ, ಮಳೆ ಬಂದಾಗ ಆ ಸವೆದ ಜಾಡೇ ಚರಂಡಿ ಆಗುತ್ತದೆ. ತಿಂಡಿ, ಸೋಪು, ಪೇಸ್ಟು ಎಲ್ಲವನ್ನೂ ಕ್ಯಾಂಪ್ ಜಾಗದ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಚಿಲಕ ಹಾಕಿ. ಜನರ ಊಟದ ರುಚಿ ಹತ್ತಿದ ಕರಡಿಗೆ ಆಮೇಲೆ ಒಳ್ಳೆಯದಾಗುವುದಿಲ್ಲ.

ಇನ್ನೊಬ್ಬರು ಯಾವ ತಿಂಗಳು ಒಳ್ಳೆಯದು ಅಂದರು. ಮಕ್ಕಳ ಶಾಲೆ ಅಡ್ಡ ಬರದಿದ್ದರೆ ಅಕ್ಟೋಬರ್ ಅಂದೆ. ಜನ ಕಡಿಮೆ. ಟೇಲರ್ ತೊರೆಯಲ್ಲಿ ಕೊಕನಿ ಸಾಮನ್ ಮೀನು ಮೊಟ್ಟೆ ಇಡಲು ಸರೋವರದಿಂದ ಮೇಲೆ ಬರುತ್ತವೆ, ಮೈ ಪೂರ್ತಿ ಕೆಂಪಾಗಿರುತ್ತದೆ. ಅವೂ 1944ರಲ್ಲಿ ಹೊರಗಿನಿಂದ ಬಂದವೇ, ಆದರೂ ನೋಡಬೇಕು. ತೊರೆಯ ಪಕ್ಕ ನೆಲದೊಳಗೆ ಗಾಜಿನ ಗೋಡೆಯ ಕೋಣೆ ಒಂದಿದೆ. ತೆರೆದಿದೆಯಾ ಅಂತ ಮೊದಲೇ ವಿಚಾರಿಸಿ. ಅಲ್ಲಿ ನಿಂತರೆ ಗಾಜಿನಾಚೆ ತೊರೆಯ ಒಳಗೇ ಕಾಣುತ್ತದೆ. ಮೀನುಗಳ ಗಡಿಬಿಡಿ ಮುಗಿಯುವವರೆಗೂ ಸ್ವಲ್ಪ ಕಾಯಿರಿ. ಅವು ಬಾಲ ಬಡಿದು ಎಬ್ಬಿಸಿದ ಮರಳು ಮೊದಲು ಕೂರುತ್ತದೆ. ಆಮೇಲೆ ಹೂಳು, ಬೇರುಗಳ ಸಂದಿಯಲ್ಲಿ. ಕೊನೆಗೆ ಬೆಣಚುಕಲ್ಲುಗಳು ಒಂದೊಂದಾಗಿ ಕಾಣಿಸುತ್ತವೆ. ಹಗುರವಾದ ಒಂದು ಮಂಜಿನಂಥದ್ದು ಮಾತ್ರ ಕೂರದೆ ನೀರಿನ ಜೊತೆ ಸರೋವರದ ಕಡೆ ಹೊರಟುಹೋಗುತ್ತದೆ.